ನಮ್ಮ ಕೈತೋಟದ ಕಳೆಯೂ ಬಾಲಿಕೆಯರ ವಿದ್ಯಾಭ್ಯಾಸವೂ



ಶಾಲೆಯ ಕೈತೋಟದಲ್ಲಿ ಬಾಲಿಕೆಯರು ಕಳೆ ತೆಗೆಯುವ ವಿಷಯದಲ್ಲಿ ಎರಡು ಬಗೆಯ ಆಕ್ಷೇಪಣೆಗಳು ಬರುವುದುಂಟು. ಒಂದನೆಯದು, ಹೊಲಗದ್ದೆಗಳ ಸಂಬಂಧವನ್ನು ಬಿಟ್ಟು ಪಟ್ಟಣದಲ್ಲಿ ನೆಲೆಸಿದ ಮನೆಗಳಿಂದ ಬರತಕ್ಕದ್ದು: “ಮಣ್ಣಿನ ಕೆಲಸಕ್ಕೆ ಆಳುಗಳಿರುವಾಗ ಓದುವ ಹುಡುಗಿಯ ಕೈಗೆ ಗುದ್ದಲಿಯೇಕೆ?” ಎರಡನೆಯದು, ದಿನವೂ ಕಳೆ ಕೀಳುವ ಕೂಲಿಗೆ ಹೋಗುವ ತಾಯಂದಿರಿಂದ ಬರತಕ್ಕದ್ದು: “ನಮ್ಮ ಸೊಂಟ ಮುರಿದದ್ದು ಸಾಲದೇ ಅಮ್ಮಾ? ಮಗಳಿಗಾದರೂ ಈ ಕೆಲಸ ತಪ್ಪಲಿ ಅಂತಲೇ ಸ್ಕೂಲಿಗೆ ಕಳಿಸಿದ್ದು.” ಮೊದಲನೆಯ ಮಾತಿಗೆ ಉತ್ತರ ಹೇಳುವುದು ಸುಲಭ. ಕೈಕೆಲಸದ ಮೂಲಕವೇ ಬುದ್ಧಿಯನ್ನು ಬೆಳೆಸಬೇಕೆಂದು ಗಾಂಧೀಜಿಯವರು 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ದೇಶದ ಮುಂದೆ ಇಟ್ಟ ವಿಚಾರವನ್ನು ಜ್ಞಾಪಿಸಿದರೆ ಸಾಕು. ಎರಡನೆಯ ಮಾತಾದರೋ ಹಾಗಲ್ಲ. ಅದು ನೋವು ಉಂಡವರ ಮಾತು. ಅದಕ್ಕೆ ತಕ್ಕ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ತಿಳಿದು ಈ ಕೆಲವು ಪಂಕ್ತಿಗಳನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇನೆ. ಕಳೆ ತೆಗೆಯುವುದು ಒಂದು ವಿದ್ಯೆ. ಶಾಲೆಯಲ್ಲಿ ಅದನ್ನು ವಿದ್ಯೆಯೆಂದೇ ಕಲಿಸತಕ್ಕದ್ದು. ದಂಡನೆಯಾಗಿ ವಿಧಿಸಲೂ ಕೂಡದು, ಬಿಟ್ಟಿಯಾಗಿ ಮಾಡಿಸಲೂ ಕೂಡದು, ಹೊತ್ತುಗಟ್ಟಲೆ ಸೊಂಟ ಬಗ್ಗಿಸಿ ಮಾಡಿಸಲೂ ಕೂಡದು.

ಇದನ್ನು ವಿದ್ಯೆಯೆಂದು ಏಕೆ ಕರೆಯಬೇಕು? ಕಳೆ ಯಾವುದು, ಬೆಳೆ ಯಾವುದು ಎಂದು ಗುರುತಿಸುವುದರಿಂದಲೇ ಇದು ಆರಂಭವಾಗುವುದು. ನಮ್ಮ ಜಿಲ್ಲೆಯ ಮುಖ್ಯ ಆಹಾರವಾದ ರಾಗಿಯನ್ನೇ ನೋಡಿರಿ. ಪೈರು ಎಳೆಯದಾಗಿರುವಾಗ ಅದರ ನಡುವೆ ಕಾಡುರಾಗಿಯೂ ಹುಟ್ಟುವುದು. ಸಸ್ಯಶಾಸ್ತ್ರದ ಪ್ರಕಾರ ಇವೆರಡೂ ಒಂದೇ ಕುಲದ ಹುಲ್ಲುಗಳು. ಓದಿದವರಲ್ಲಿ ಬಹುಮಂದಿಗೆ ಇವುಗಳ ಭೇದವು ತಿಳಿಯಲಾರದು. ಕೂಲಿಗೆ ಹೋಗುವ ಹೆಂಗಸಾದರೋ ಬುಡವನ್ನೂ ಎಲೆಯನ್ನೂ ಒಮ್ಮೆ ನೋಡಿ ಕೈ ತಡೆಯದೆ ಒಂದನ್ನು ಕಿತ್ತು ಇನ್ನೊಂದನ್ನು ಉಳಿಸುವಳು. ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಗೋದಿ ಮತ್ತು ಹಣಜಿಯ ಸಾಮ್ಯವಿದೆಯಷ್ಟೆ. ಹಣಜಿಯನ್ನು ಕೀಳಹೋಗಿ ಗೋದಿಯನ್ನೂ ಕಿತ್ತಾರೆಂದು ಯಜಮಾನನು ಆಳುಗಳನ್ನು ತಡೆಯುತ್ತಾನೆ. ಆ ಭಯವು ಎಷ್ಟು ನಿಜವಾದುದೆಂಬುದು ರಾಗಿಯ ಹೊಲದಲ್ಲಿ ನಿಂತವರಿಗೆ ಕೂಡಲೇ ತಿಳಿಯುವುದು.

ಇಷ್ಟೇ ಅಲ್ಲ. ಕಿತ್ತುದೆಲ್ಲವೂ ಕಸವಲ್ಲವೆಂಬುದನ್ನೂ ನಮ್ಮ ಹಳ್ಳಿಯ ಹೆಂಗಸರು ಬಲ್ಲರು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನ್ನೆ ಇವೆಲ್ಲವೂ ಹೊಲದ ಮಟ್ಟಿಗೆ ಕಳೆಗಳೇ. ಆದರೆ ಸಂಜೆ ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ತಂದರೆ ಅವೇ ಬೆರಕೆ ಸೊಪ್ಪಿನ ಸಾರಾಗುವುವು. ಯಾವ ಸೊಪ್ಪನ್ನು ಯಾವ ಎಳಸಿನಲ್ಲಿ ಕುಯ್ಯಬೇಕು, ಯಾವುದನ್ನು ಬಾಯಿಗೆ ಇಡಲಾಗದು ಎಂಬ ತಿಳಿವಳಿಕೆಯನ್ನು ತಾಯಿಯು ಮಗಳಿಗೆ ಹೊಲದಲ್ಲಿಯೇ ಕೊಡುತ್ತ ಬಂದಿದ್ದಾಳೆ. ಮಗಳು ಶಾಲೆಗೆ ಬಂದ ಮೇಲೆ ಈ ಪಾಠವು ನಿಂತುಹೋಗುತ್ತದೆ. ಪುಸ್ತಕದಲ್ಲಿ ಏಕದಳ, ದ್ವಿದಳ ಸಸ್ಯಗಳ ಲಕ್ಷಣಗಳನ್ನು ಬಾಯಿಪಾಠ ಮಾಡಿದ ಹುಡುಗಿಯು ತನ್ನ ಕಾಲ ಕೆಳಗಿನ ಗಿಡದ ಹೆಸರನ್ನು ಅರಿಯಳು. ಇದು ಲಾಭವೇ ನಷ್ಟವೇ, ನೀವೇ ಹೇಳಿರಿ.

ಗುರುತಿಸಿದ ಮೇಲೆ ತೆಗೆಯುವ ಬಗೆ. ಒಂದೊಂದು ಕಳೆಗೂ ಒಂದೊಂದು ಉಪಾಯವಿದೆ. ಇದಕ್ಕೆ ನಮ್ಮ ಸುತ್ತಣ ಮೂರು ಊರುಗಳಿಂದ ಉದಾಹರಣೆಗಳನ್ನು ಕೊಡುತ್ತೇನೆ.

ಮೊದಲನೆಯದು ತುಮಕೂರು ನಗರ. ಇಲ್ಲಿಯ ಖಾಲಿ ನಿವೇಶನಗಳಲ್ಲಿಯೂ ದಾರಿಯ ಮಗ್ಗುಲುಗಳಲ್ಲಿಯೂ ಮಳೆ ಬಿದ್ದೊಡನೆ ಬೆಳೆಯುವುದು ಪಾರ್ಥೇನಿಯಂ. ಜನರು ಇದನ್ನು ಕಾಂಗ್ರೆಸ್ ಗಿಡವೆನ್ನುವರು. ಇದು ಅಮೆರಿಕ ಖಂಡದಿಂದ ಬಂದದ್ದು. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯಲ್ಲಿ ಇದು ಎಲ್ಲರ ಗಮನಕ್ಕೆ ಬಂದಿತು. ಇದನ್ನು ತಿನ್ನುವ ಒಂದು ಜಾತಿಯ ದುಂಬಿಯನ್ನು ಮೆಕ್ಸಿಕೊ ದೇಶದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರೂ ಗಿಡವು ಮಾತ್ರ ಇಂದಿಗೂ ಹೋಗಿಲ್ಲ. ಒಂದೇ ಗಿಡವು 10,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲುದು. ಆದುದರಿಂದ ಹೂ ಬಿಡುವುದಕ್ಕೆ ಮೊದಲೇ ಇದನ್ನು ತೆಗೆಯತಕ್ಕದ್ದು. ಕುಡುಗೋಲಿನಿಂದ ಮೇಲೆ ಕೊಯ್ದರೆ ಬುಡದಿಂದ ಮತ್ತೆ ಚಿಗುರುವುದು. ಮಳೆಯ ಮರುದಿನ ಮಣ್ಣು ಹದವಾಗಿರುವಾಗ ಕಳೆಗುದ್ದಲಿಯ ಬಾಯನ್ನು ಬುಡದಿಂದ ಎರಡು ಬೆರಳು ದೂರದಲ್ಲಿ ಇಳಿಸಿ, ಮೀಟಿ, ಬೇರುಸಹಿತ ಎಬ್ಬಿಸಬೇಕು. ಇದರ ಸ್ಪರ್ಶದಿಂದ ತುರಿಕೆಯೂ ಪರಾಗದಿಂದ ಉಬ್ಬಸವೂ ಉಂಟಾಗಬಹುದು. ಬರಿಗೈಯಿಂದ ಮುಟ್ಟಲಾಗದು. ಉಬ್ಬಸವಿರುವ ಮಕ್ಕಳನ್ನು ಇದರ ಬಳಿಗೆ ಬಿಡಲೇಬಾರದು.

ಎರಡನೆಯದು ಗುಬ್ಬಿಯ ಕಡೆಯ ತೆಂಗು ಅಡಿಕೆಯ ತೋಟಗಳು. ಅಲ್ಲಿ ಜೇಕು, ಗರಿಕೆಗಳ ಕಾಟ ಹೆಚ್ಚು. ಜೇಕಿನ ಎಲೆಯನ್ನು ಹಿಡಿದು ಎಳೆದರೆ ಎಲೆ ಮಾತ್ರ ಕೈಗೆ ಬರುವುದು. ಗೆಡ್ಡೆಯು ಮಣ್ಣಿನಲ್ಲಿಯೇ ಉಳಿದು ಕೆಲವೇ ದಿನಗಳಲ್ಲಿ ಮತ್ತೆ ತಲೆಯೆತ್ತುವುದು. ಒಂದು ಗೆಡ್ಡೆಯಿಂದ ಇನ್ನೊಂದಕ್ಕೆ ದಾರದಂತಹ ಕಾಂಡವು ಹರಿದು ಸರಪಣಿಯಂತೆ ಹೆಣೆದುಕೊಂಡಿರುವುದೇ ಇದಕ್ಕೆ ಕಾರಣ. ಆದುದರಿಂದ ಗುದ್ದಲಿಯಿಂದ ಕಡಿಯದೆ, ಮೊನೆಯಿಂದ ಮಣ್ಣನ್ನು ಸಡಿಲಿಸಿ, ಸರಪಣಿಯ ಜಾಡನ್ನು ಹಿಡಿದು ಗೆಡ್ಡೆಗಳನ್ನು ಒಂದೊಂದಾಗಿ ಆರಿಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಗರಿಕೆಯ ಸ್ವಭಾವವೂ ಇಂತಹುದೇ. ಅದರ ಗೆಣ್ಣು ಗೆಣ್ಣಿನಲ್ಲಿಯೂ ಬೇರು ಬಿಡುವುದರಿಂದ, ಕತ್ತರಿಸಿದಷ್ಟೂ ಗಿಡಗಳ ಸಂಖ್ಯೆಯನ್ನು ನಾವೇ ಹೆಚ್ಚಿಸಿದಂತಾಗುವುದು. ಇದನ್ನು ಬೇಸಿಗೆಯಲ್ಲಿ ಎಬ್ಬಿಸಿ ಒಣಗಿಸುವುದು ಲೇಸು. ಅಡಿಕೆಯ ಬುಡದಲ್ಲಿ ಮಾತ್ರ ಆಳವಾಗಿ ಅಗೆಯಲಾಗದು. ಅದರ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹೆಚ್ಚಾಗಿ ಹರಡಿರುವುವು. ಅಲ್ಲಿ ಹುಲ್ಲನ್ನು ಸವರಿ, ಸೋಗೆ ತರಗುಗಳನ್ನು ಹೊದಿಸಿ, ಬೆಳಕನ್ನು ತಡೆದರೆ ಸಾಕು.

ಮೂರನೆಯದು ಕುಣಿಗಲಿನ ಕೆರೆಯ ಕೆಳಗಣ ಗದ್ದೆಬಯಲು. ಗದ್ದೆಯ ಕೆಸರಿನಲ್ಲಿ ನಿಂತು, ಬಾಗಿದ ಬೆನ್ನು ಏಳದೆ ಕಳೆ ಕೀಳುವ ಕಷ್ಟವನ್ನು ವರ್ಣಿಸಬೇಕಾದುದಿಲ್ಲ. ಆದರೆ ಪೈರನ್ನು ಮನಬಂದಂತೆ ನೆಡದೆ ಹುರಿ ಹಿಡಿದು ಸಾಲಾಗಿ ನೆಟ್ಟರೆ, ಸಾಲುಗಳ ನಡುವೆ ನಿಂತುಕೊಂಡೇ ತಳ್ಳುವ ಹಲ್ಲುಚಕ್ರದ ಕಳೆಯಂತ್ರವನ್ನು ಓಡಿಸಬಹುದು. ಅದು ಕಳೆಯನ್ನು ಕಿತ್ತು ಅಲ್ಲಿಯೇ ಕೆಸರಿನಲ್ಲಿ ಹೂಳುವುದರಿಂದ ಕಳೆಯೇ ಗೊಬ್ಬರವಾಗುವುದು. ನೆಡುವ ದಿನ ತೆಗೆದುಕೊಂಡ ಸ್ವಲ್ಪ ಎಚ್ಚರಿಕೆಯು ಮುಂದಿನ ಹಲವು ದಿನಗಳ ಬೆನ್ನುನೋವನ್ನು ಉಳಿಸುವುದು. ರಾಗಿಯಲ್ಲಿಯೂ ಇದೇ ನ್ಯಾಯ. ಕೂರಿಗೆಯಿಂದ ಸಾಲಾಗಿ ಬಿತ್ತಿದಲ್ಲಿ ಎಡೆಕುಂಟೆಯು ಸಾಲುಗಳ ನಡುವಣ ಕಳೆಯನ್ನು ನೋಡಿಕೊಳ್ಳುವುದು. ಸಾಲಿನೊಳಗಿನದಕ್ಕೆ ಮಾತ್ರ ಕೈ ಬೇಕು.

ಎಲ್ಲ ಊರಿಗೂ ಸಲ್ಲುವ ಕೆಲವು ನಿಯಮಗಳನ್ನು ನಮ್ಮ ಹುಡುಗಿಯರು ಬೇಗ ಕಲಿಯುತ್ತಾರೆ. ಒಂದು, ಕಳೆಯು ಎರಡೆಲೆ ನಾಲ್ಕೆಲೆಯಾಗಿರುವಾಗಲೇ, ಬಿಸಿಲಿನ ದಿನ ಬೆಳಗ್ಗೆ, ಗುದ್ದಲಿಯ ಬಾಯನ್ನು ಮಣ್ಣಿನ ಮೇಲ್ಪದರದೊಳಗೆ ಅಡ್ಡಲಾಗಿ ಎಳೆದು ಸವರಬೇಕು. ಆಳಕ್ಕೆ ಅಗೆದರೆ ಕೆಳಗೆ ಮಲಗಿದ್ದ ಬೀಜಗಳನ್ನು ನಾವೇ ಎಬ್ಬಿಸಿ ಮೇಲಕ್ಕೆ ತಂದಂತಾಗುವುದು. ಎರಡು, ಗುದ್ದಲಿಯ ಬಾಯಿ ಹರಿತವಾಗಿರಬೇಕು. ಮೊಂಡಾದುದನ್ನು ಅರದಿಂದ ಉಜ್ಜದೆ ಕೆಲಸಕ್ಕೆ ಇಳಿಯಬಾರದು. ಮೂರು, ಗೋಣಿ ಸೊಪ್ಪಿನಂತಹ ರಸಭರಿತ ಕಳೆಗಳನ್ನು ಕಿತ್ತು ಒದ್ದೆ ಮಣ್ಣಿನ ಮೇಲೆ ಎಸೆಯಬಾರದು. ಅವು ಮತ್ತೆ ಬೇರೂರುವುವು. ನಾಲ್ಕು, ಯಾವ ಕಳೆಯನ್ನೂ ಬೀಜ ಕಟ್ಟಲು ಬಿಡಬಾರದು. ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ವಿಲಿಯಂ ಬೀಲ್ ಎಂಬ ಸಸ್ಯಶಾಸ್ತ್ರಜ್ಞರು 1879ರಲ್ಲಿ 20 ಸೀಸೆಗಳಲ್ಲಿ ಬೀಜಗಳನ್ನು ಮರಳಿನೊಡನೆ ತುಂಬಿ ನೆಲದಲ್ಲಿ ಹೂಳಿದರು. 2021ರಲ್ಲಿ ಅವುಗಳಲ್ಲಿ ಒಂದನ್ನು ತೆಗೆದು ಬಿತ್ತಿದಾಗ ಕೆಲವು ಬೀಜಗಳು ಮೊಳೆತವು! ಒಂದು ಮಳೆಗಾಲದ ಅಲಕ್ಷ್ಯವು ಮೊಮ್ಮಕ್ಕಳ ಕಾಲದವರೆಗೂ ನೆಲದಲ್ಲಿ ಕಾದಿರಬಹುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ.

ಈಗ ಆ ತಾಯಂದಿರ ಮಾತಿಗೆ ಬರುತ್ತೇನೆ. ಅವರ ಸೊಂಟವನ್ನು ಮುರಿದದ್ದು ಯಾವುದು? ಗಿಡ್ಡ ಹಿಡಿಯ ಉಪಕರಣವೂ ಇಡೀ ದಿನ ಬಾಗಿರಬೇಕಾದ ರೀತಿಯೂ ಅಲ್ಲವೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಲದ ಕೂಲಿಗಾರರಿಗೆ ಇಂತಹುದೇ ಗಿಡ್ಡ ಗುದ್ದಲಿಯನ್ನು ಕೊಡುತ್ತಿದ್ದರು. ಉದ್ದ ಹಿಡಿಯಿಂದ ಕೆಲಸವು ನಾಜೂಕಾಗದು, ಬೆಳೆಯು ಕೆಡುವುದು ಎಂದು ಜಮೀನುದಾರರು ವಾದಿಸಿದರು. ಕೂಲಿಗಾರರ ಬೆನ್ನುಹುರಿಗೆ ಆಗುತ್ತಿದ್ದ ಹಾನಿಯನ್ನು ಕುರಿತು ವೈದ್ಯರು ಸಾಕ್ಷಿ ನುಡಿದರು. ಕಡೆಗೆ 1975ರಲ್ಲಿ ಆ ಗುದ್ದಲಿಯನ್ನು ನಿಷೇಧಿಸಲಾಯಿತು. ಅಲ್ಲಿಯ ಬೇಸಾಯವೇನೂ ಅದರಿಂದ ನಿಂತುಹೋಗಲಿಲ್ಲ. ಹಿಡಿಯ ಉದ್ದವನ್ನು ಹೆಚ್ಚಿಸುವಷ್ಟು ಸಣ್ಣ ಸಂಗತಿಗೂ ನ್ಯಾಯಸ್ಥಾನದವರೆಗೆ ಹೋಗಬೇಕಾಯಿತೆಂಬುದನ್ನು ನಾವು ಯೋಚಿಸತಕ್ಕದ್ದು. ಉಪಕರಣವನ್ನು ಕೊಳ್ಳುವವನು ಒಬ್ಬ, ಅದನ್ನು ಹಿಡಿದು ಬಾಗುವವಳು ಇನ್ನೊಬ್ಬಳು ಆಗಿರುವವರೆಗೆ ಹಿಡಿಯು ಗಿಡ್ಡವಾಗಿಯೇ ಇರುವುದು.

“ಕೈ ಕೆಸರಾದರೆ ಬಾಯಿ ಮೊಸರು” ಎಂದು ನಮ್ಮಲ್ಲಿ ಗಾದೆಯುಂಟು. ಕಳೆ ಕೀಳುವ ಹೆಂಗಸಿನ ವಿಷಯದಲ್ಲಿ ಕೆಸರು ಒಬ್ಬರ ಕೈಗೂ ಮೊಸರು ಇನ್ನೊಬ್ಬರ ಬಾಯಿಗೂ ಸೇರುವುದೇ ಹೆಚ್ಚು. ಗಂಡಸಿಗೂ ಹೆಂಗಸಿಗೂ ಸಮಾನ ಕೂಲಿಯೆಂಬ ಕಾಯಿದೆಯು 1976ರಲ್ಲಿಯೇ ಬಂದಿತು. ಆದರೂ ಹೆಣ್ಣಾಳಿಗೆ ಕಡಿಮೆ ಕೂಲಿಯೆಂಬ ಪದ್ಧತಿಯು ಹಳ್ಳಿಗಳಿಂದ ಹೋಗಿಲ್ಲ. ಹೀಗಿರುವಲ್ಲಿ, ಮಗಳಿಗೆ ಈ ಕೆಲಸ ಬೇಡವೆಂದು ತಾಯಿಯು ಹೇಳಿದರೆ ಅವಳ ಮೇಲೆ ತಪ್ಪು ಹೊರಿಸಲಾಗದು. ಆದರೆ ಮಗಳು ಕಳೆಯಿಂದ ದೂರ ಓಡಿದ ಮಾತ್ರಕ್ಕೆ ತಾಯಿಯ ಬೆನ್ನು ನೆಟ್ಟಗಾಗುವುದಿಲ್ಲ. ಮಗಳು ಕೆಲಸದ ಮರ್ಮವನ್ನು ಅರಿತು, ಒಳ್ಳೆಯ ಉಪಕರಣವನ್ನೂ ನ್ಯಾಯವಾದ ಕೂಲಿಯನ್ನೂ ಕೇಳಲು ಬಾಯುಳ್ಳವಳಾದರೆ ನೆಟ್ಟಗಾದೀತು. ಅಂತಹ ಬಾಯಿಯನ್ನು ಕೊಡುವುದಕ್ಕಾಗಿಯೇ ಶಾಲೆಗಳಿರುವುದು.

ಇಷ್ಟೆಲ್ಲಾ ಏಕೆ, ಕಳೆನಾಶಕವನ್ನು ಹೊಡೆದರೆ ಆಯಿತಲ್ಲವೇ ಎನ್ನುವವರೂ ಇದ್ದಾರೆ. ಆಳು ಸಿಕ್ಕದ ರೈತನ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಹಳವಾಗಿ ಬಳಕೆಯಲ್ಲಿರುವ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2015ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕವೆಂಬ ವರ್ಗಕ್ಕೆ ಸೇರಿಸಿತು. ಬೇರೆ ಕೆಲವು ಸಂಸ್ಥೆಗಳು ಇದನ್ನು ಒಪ್ಪಲಿಲ್ಲವಾದರೂ ನಮ್ಮ ಕೇಂದ್ರ ಸರ್ಕಾರವು 2022ರಲ್ಲಿ ಅದರ ಬಳಕೆಯನ್ನು ನಿರ್ಬಂಧಿಸುವ ಆಜ್ಞೆಯನ್ನು ಹೊರಡಿಸಿತು. ಮಕ್ಕಳು ಆಡುವ ಅಂಗಳದಲ್ಲಿ, ಸೊಪ್ಪು ಬೆಳೆಯುವ ಪಾತಿಯಲ್ಲಿ ಸಂದೇಹವಿರುವ ವಸ್ತುವನ್ನು ಎರಚದಿರುವುದೇ ವಿವೇಕ. ಒಂದು ಕೈತೋಟಕ್ಕೆ ಹರಿತವಾದ ಗುದ್ದಲಿಯೂ ವಾರಕ್ಕೆರಡು ಸಲ ಅರ್ಧ ಗಂಟೆಯ ಕೆಲಸವೂ ಧಾರಾಳವಾಗಿ ಸಾಕು.

ಆದುದರಿಂದ ಶಾಲೆಗಳಲ್ಲಿ ನಡೆಯತಕ್ಕ ಕ್ರಮವು ಹೀಗಿರಬೇಕೆಂದು ನನ್ನ ಮತ. ತಡವಾಗಿ ಬಂದವಳನ್ನೋ ಲೆಕ್ಕ ತಪ್ಪಿದವಳನ್ನೋ ಕಳೆ ಕೀಳಲು ಅಟ್ಟುವ ಪದ್ಧತಿಯು ಎಲ್ಲಿದ್ದರೂ ನಿಲ್ಲಬೇಕು. ದಂಡನೆಯಾಗಿ ಮಾಡಿದ ಕೆಲಸವನ್ನು ಮಗುವು ಜನ್ಮವಿಡೀ ಅವಮಾನವೆಂದೇ ನೆನೆಯುವುದು. ಅದೇ ಕೆಲಸದಿಂದ ಅನ್ನ ಸಂಪಾದಿಸುವ ತನ್ನ ತಾಯಿಯನ್ನೂ ಕೀಳಾಗಿ ಕಾಣುವುದು. ಕೈತೋಟದ ಸರದಿಯು ಸ್ಥಿತಿವಂತರ ಮಗಳಿಗೂ ಕೂಲಿಯವಳ ಮಗಳಿಗೂ ಸಮನಾಗಿರಬೇಕು. ನಿಂತು ಮಾಡುವ ಗುದ್ದಲಿಯ ಹಿಡಿಯು ಹುಡುಗಿಯ ಹೆಗಲಿನ ಮಟ್ಟಕ್ಕೆ ಬರಬೇಕು. ಕುರ್ಪಿಯಿಂದ ಮಾಡುವ ಸಣ್ಣ ಕೆಲಸಕ್ಕೆ ಮಡಿಸಿದ ಗೋಣಿಚೀಲದ ಮೇಲೆ ಮಂಡಿಯೂರಿ ಕೂರಬೇಕೇ ಹೊರತು ಸೊಂಟದಿಂದ ಬಗ್ಗಬಾರದು. ಪಾಠದ ವೇಳೆಯನ್ನು ಇದಕ್ಕಾಗಿ ಕದಿಯಬಾರದು. ಶಾಲೆಯ ಆವರಣವನ್ನೆಲ್ಲಾ ಶುದ್ಧಗೊಳಿಸುವ ದೊಡ್ಡ ಕೆಲಸಕ್ಕೆ ಕೂಲಿ ಕೊಟ್ಟು ಆಳುಗಳನ್ನೇ ಕರೆಯಬೇಕು. ಮಕ್ಕಳ ಕಲಿಕೆಯ ಹೆಸರಿನಲ್ಲಿ ಒಬ್ಬಳ ಕೂಲಿಯನ್ನು ಉಳಿಸುವುದು ಧರ್ಮವಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ ಅನೇಕರಿಗೆ ಗುಬ್ಬಿ, ಕುಣಿಗಲುಗಳ ಕಡೆ ತೋಟಗದ್ದೆಗಳಿವೆ. ಈ ಮುಂಗಾರಿಗೆ ಮೊದಲು ನಿಮ್ಮ ಹೊಲಕ್ಕೆ ಬರುವ ಹೆಂಗಸರ ಕೈಯಲ್ಲಿರುವ ಗುದ್ದಲಿಯ ಹಿಡಿಯು ಎಷ್ಟು ಉದ್ದವಿದೆಯೆಂದು ಒಮ್ಮೆ ನೋಡಿರಿ. ಉದ್ದ ಹಿಡಿಯ ಗುದ್ದಲಿಯನ್ನೂ ನಿಂತು ತಳ್ಳುವ ಸೈಕಲ್ ಎಡೆಕುಂಟೆಯನ್ನೂ ಇಂದು ಹಳ್ಳಿಯ ಕಮ್ಮಾರನಾದರೂ ಮಾಡಿಕೊಡಬಲ್ಲನು. ಅವುಗಳಲ್ಲಿ ಯಾವುದು ತಮಗೆ ಅನುಕೂಲವೆಂದು ಆ ಹೆಂಗಸರನ್ನೇ ಕೇಳಿರಿ. ಕೊಡುವ ಕೂಲಿಯನ್ನು ಗಂಡಾಳಿನ ಕೂಲಿಗೆ ಸಮ ಮಾಡಿರಿ. ಪೋಷಕರಲ್ಲಿ, ವಿಶೇಷವಾಗಿ ತಾಯಂದಿರಲ್ಲಿ, ಇನ್ನೊಂದು ಬಿನ್ನಹ. ನಿಮ್ಮ ಮಗಳು ಮನೆಗೆ ಬಂದು ಒಂದು ಗಿಡದ ಹೆಸರನ್ನು ಕೇಳಿದರೆ, ಓದು ಬಿಟ್ಟು ಇದೇಕೆ ಎನ್ನದೆ ಹೇಳಿಕೊಡಿರಿ. ಆ ಪಾಠದಲ್ಲಿ ನೀವೇ ಉಪಾಧ್ಯಾಯಿನಿಯರು. ನಮ್ಮಲ್ಲಿ ಹಲವರು ಅದನ್ನು ನಿಮ್ಮಿಂದಲೇ ಕಲಿಯಬೇಕಾಗಿದೆ.