ಬಾಗಲಕೋಟೆ ನಿಲ್ದಾಣಕ್ಕೆ ಜಮಖಂಡಿಯ ಹಳಿ ಸೇರಬೇಕು

ಬಾಗಲಕೋಟೆ ರೈಲು ನಿಲ್ದಾಣ ಅಮೃತ ಭಾರತ ಯೋಜನೆಯಡಿ ಹೊಸ ರೂಪ ಪಡೆದು 2025ರ ಮೇ 22ರಂದು ಉದ್ಘಾಟನೆಯಾಯಿತು. ಅಂದು ದೇಶದಲ್ಲಿ ಉದ್ಘಾಟನೆಯಾದ 103 ನಿಲ್ದಾಣಗಳಲ್ಲಿ ನಮ್ಮ ಭಾಗದ ಗದಗ, ಧಾರವಾಡ, ಗೋಕಾಕ ರೋಡ್ ಕೂಡ ಇದ್ದವು. ಗದಗ–ಹೋಟಗಿ ಮೀಟರ್ ಗೇಜ್ ಹಳಿಯ ಜೊತೆ 1880ರ ದಶಕದಲ್ಲಿ ಹುಟ್ಟಿದ ನಿಲ್ದಾಣಕ್ಕೆ ಇಷ್ಟಾದರೂ ಆಗಬೇಕಿತ್ತು, ಮಾಡಿದ್ದು ಒಳ್ಳೆಯದೇ. ಆದರೆ ಈ ನಿಲ್ದಾಣ ಬಾಗಲಕೋಟೆ ಊರಿಗೆ ಮಾತ್ರ ಸೇರಿದ್ದಲ್ಲ. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ ಪಟ್ಟಣಗಳ ಜನ ಬೆಂಗಳೂರಿನ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿಯಬೇಕೆಂದರೆ ಇಲ್ಲಿಗೆ ಬರಬೇಕು, ಇಲ್ಲವೇ ಬೇರೆ ಜಿಲ್ಲೆಯ ನಿಲ್ದಾಣ ಹುಡುಕಬೇಕು. ಅವರ ಊರಿಗೆ ಹಳಿ ತಲುಪುವವರೆಗೆ ನಿಲ್ದಾಣದ ನವೀಕರಣ ಅರ್ಧ ಕೆಲಸವೇ.

ಜಮಖಂಡಿಯ ಕಡೆಗೆ ಹೋಗಬೇಕಾದ ಬಾಗಲಕೋಟೆ–ಕುಡಚಿ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 2010-11ರಲ್ಲಿ. ಉದ್ದ ಸುಮಾರು 142 ಕಿ.ಮೀ. ಭೂಮಿ ಕೊಡುವುದು ರಾಜ್ಯದ ಹೊಣೆ, ವೆಚ್ಚದಲ್ಲಿ ಕೇಂದ್ರ ಮತ್ತು ರಾಜ್ಯಗಳದು ಸಮಪಾಲು. ಖಜ್ಜಿಡೋಣಿಯವರೆಗಿನ ಸುಮಾರು 30 ಕಿ.ಮೀ. ಹಳಿ ಹಾಕುವಷ್ಟರಲ್ಲೇ ವರ್ಷಗಳು ಉರುಳಿದವು. ಮುಂದಿನದು ಭೂಸ್ವಾಧೀನದ ಕಡತದಲ್ಲಿ ಸಿಕ್ಕಿ ತೆವಳಿತು. ಇಷ್ಟರಲ್ಲಿ ಈ ನಾಡಿನ ಹೊರೆಯೆಲ್ಲ ರಸ್ತೆಯ ಮೇಲೆ ಬಿದ್ದಿದೆ. ಕಬ್ಬು ನುರಿಸುವ ತಿಂಗಳುಗಳಲ್ಲಿ ಮುಧೋಳ–ಜಮಖಂಡಿ ರಸ್ತೆಯಲ್ಲಿ ರಾತ್ರಿ ಬಸ್ಸು ಹೇಗೆ ಹೋಗುತ್ತದೆ ನೋಡಬೇಕು: ಮುಂದೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು, ಆಚೀಚೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ. ಚಾಲಕ ಎದುರಿನ ಬೆಳಕು ನೋಡಿ ನೋಡಿ ಹಿಂದೆ ಸರಿಯುತ್ತಾನೆ. ಒಳಗೆ ಕೂತವರಿಗೆ ಬಾಗಲಕೋಟೆಯ ರೈಲು ತಪ್ಪುವ ಆತಂಕ. ಬನಹಟ್ಟಿಯ ನೇಕಾರರ ಸೀರೆಯ ಗಂಟುಗಳೂ ಇದೇ ರಸ್ತೆಯನ್ನು ನಂಬಿವೆ. ಚಿಕಿತ್ಸೆಗೆ ಮಿರಜಕ್ಕೆ ಹೋಗುವವರಿಗಂತೂ ಕುಡಚಿಯಲ್ಲಿ ಮಿರಜ–ಹುಬ್ಬಳ್ಳಿ ಮಾರ್ಗ ಸೇರುವ ಈ ಹಳಿ ಮುಗಿದರೆ ದೊಡ್ಡ ಆಸರೆ.

ನಿಲ್ದಾಣದ ಅನುದಾನ ಬೇರೆ, ಹೊಸ ಮಾರ್ಗದ ಅನುದಾನ ಬೇರೆ, ಎರಡನ್ನೂ ಕಲಸಬೇಡಿ ಎನ್ನುವವರಿದ್ದಾರೆ. ಲೆಕ್ಕಪತ್ರದಲ್ಲಿ ಅದು ನಿಜ. ಆದರೆ ಪ್ರಯಾಣಿಕನ ಪಯಣ ಒಂದೇ. ಬೆಳೆಯುವ ಜನಸಂಖ್ಯೆಗೆಂದು ನಿಲ್ದಾಣ ಹಿಗ್ಗಿಸುವವರು ಆ ಜನ ಎಲ್ಲಿಂದ ಬರುತ್ತಾರೆಂದು ಕೇಳಲೇಬೇಕು. ಬಸ್ಸಿದೆಯಲ್ಲ, ಸಾಲದೇ ಎಂಬ ಮಾತೂ ಇದೆ. ಬಸ್ಸು ಬೇಕು, ಆದರೆ ಸಕ್ಕರೆ, ಬೆಲ್ಲ, ಬಟ್ಟೆಯ ಸರಕು ಬಸ್ಸಿನಿಂದ ಸಾಗದು. ಇವೆರಡಕ್ಕಿಂತ ತೂಕದ ಆಕ್ಷೇಪ ರೈತರದು. ಕೃಷ್ಣಾ, ಘಟಪ್ರಭಾ ನೀರುಂಡ ಕರಿಮಣ್ಣಿನ ಎಕರೆ ಹೋದರೆ ಅಂಥದ್ದು ಮತ್ತೆ ಸಿಗುವುದಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು, ಹೊಲ ಬಿಟ್ಟುಕೊಟ್ಟ ಜಿಲ್ಲೆಯಿದು. ಪರಿಹಾರಕ್ಕಾಗಿ ಕಚೇರಿ ಅಲೆಯುವುದೆಂದರೇನು ಎಂದು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಹಾಗಾಗಿ ನ್ಯಾಯವಾದ ದರ ಮೊದಲು ರೈತನ ಖಾತೆಗೆ ಬೀಳಲಿ, ಆಮೇಲೆ ಹೊಲಕ್ಕೆ ಯಂತ್ರ ಇಳಿಯಲಿ. ತಡವಾದಷ್ಟೂ ಭೂಮಿಯ ಬೆಲೆಯೂ ಕಾಮಗಾರಿಯ ವೆಚ್ಚವೂ ಏರುತ್ತವೆಯೇ ಹೊರತು ಇಳಿಯುವುದಿಲ್ಲ.

ಬೀಳಗಿಯ ಮಾತು ಬೇರೆ. ಕುಡಚಿ ಹಳಿ ಮುಗಿದರೂ ಆ ಪಟ್ಟಣಕ್ಕೆ ರೈಲು ಬರುವುದಿಲ್ಲ. ಅನಗವಾಡಿ ಸೇತುವೆ ದಾಟಿ ಬರುವ ಅಲ್ಲಿನವರಿಗೆ ರೈಲಿನ ವೇಳೆಗೆ ಹೊಂದುವ, ನಿಲ್ದಾಣದ ಬಾಗಿಲಿಗೇ ಬಂದು ನಿಲ್ಲುವ ಬಸ್ಸು ಬೇಕು. ಇದಕ್ಕೆ ಭೂಸ್ವಾಧೀನವೂ ಬೇಡ, ಕೋಟಿಗಟ್ಟಲೆ ಹಣವೂ ಬೇಡ. ಸಾರಿಗೆ ಸಂಸ್ಥೆ ಮತ್ತು ರೈಲ್ವೆ ಅಧಿಕಾರಿಗಳು ವೇಳಾಪಟ್ಟಿ ಹಿಡಿದು ಒಂದು ದಿನ ಎದುರುಬದುರು ಕೂತರೆ ಆಗುವ ಕೆಲಸ.