ಚೀಟಿ ಎಸೆದೆ, ಟೈಲ್ಸ್ ಎದ್ದವು!



ಕಳೆದ ವರ್ಷ ಅಡುಗೆಮನೆಯ ನೆಲಕ್ಕೆ ನಾನೇ ಟೈಲ್ಸ್ ಹಾಕಿದೆ. ಪ್ರೆಸ್ಸಿನಲ್ಲಿ ದಿನಾ ಸಾಲು ನೆಟ್ಟಗೆ ಕೂರಿಸುವವನಿಗೆ ಇದೇನು ಮಹಾ ಎಂಬ ಜಂಬ! ಹಿಂದೆ ಮೇಸ್ತ್ರಿಗಳು ಮಾಡುತ್ತಿದ್ದಂತೆ ಟೈಲ್ಸ್ ನೀರಲ್ಲಿ ನೆನೆಸಿ, ಸಿಮೆಂಟ್ ಹಾಲು ಸುರಿದು ಕೂರಿಸಿದೆ. ಆರೇ ತಿಂಗಳು! ತಟ್ಟಿದರೆ ಟೊಳ್ಳು ಸದ್ದು. ನಾಲ್ಕು ಎದ್ದೇ ಬಂದವು.

ತಪ್ಪು ಯಾರದು? ನನ್ನದೇ. ತಂದದ್ದು ವಿಟ್ರಿಫೈಡ್ ಟೈಲ್ಸ್. ಅದು ಹೀರುವ ನೀರು ನೂರಕ್ಕೆ ಅರ್ಧ ಭಾಗವೂ ಇಲ್ಲ. ನೀರು ಹೀರದ ಬೆನ್ನಿಗೆ ಬರೀ ಸಿಮೆಂಟ್ ಕಚ್ಚುವುದು ಹೇಗೆ? ಅದಕ್ಕೆ ಟೈಲ್ಸ್ ಅಂಟೇ ಬೇಕು. ಇದನ್ನೆಲ್ಲ ಪೆಟ್ಟಿಗೆಯೊಳಗಿನ ಚೀಟಿ ಹೇಳಿತ್ತು. ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಓದದೆ ಎಸೆದಿದ್ದೆ.

ಎರಡನೇ ಸಲ ನಿಘಂಟು ಹಿಡಿದು ಕೂತೆ. ಐಎಸ್ 15477 ಗುರುತಿನ ಅಂಟು ತಂದೆ. ಹಳೆಯ ಸಿಮೆಂಟ್ ಕೆತ್ತಿ, ಧೂಳು ಒರೆಸಿ, ರಸಮಟ್ಟ ಇಟ್ಟು ನೋಡಿದೆ. ಹಲ್ಲಿನ ಕರಣೆಯಿಂದ ಅಂಟು ಹರಡಿ, ಟೈಲ್ಸಿನ ಬೆನ್ನಿಗೂ ತೆಳ್ಳಗೆ ಸವರಿದೆ. ನಡುವೆ 2 ಮಿಲಿಮೀಟರ್ ಸಂದು ಬಿಟ್ಟು, 24 ಗಂಟೆ ಕಾಲಿಡದೆ ಕಾದು, ಆಮೇಲೆ ಸಂದು ತುಂಬಿದೆ. ಈಗ ತಟ್ಟಿದರೆ ಗಟ್ಟಿ ಸದ್ದು!

ಯುವಕ ಯುವತಿಯರೇ, ಯೋಚಿಸಿ. ನಮ್ಮೂರಲ್ಲಿ ಮಾರುವ ಸರಕಿನ ಚೀಟಿಯಲ್ಲಿ ಕನ್ನಡದ ನಾಲ್ಕು ಸಾಲು ಬೇಡವೇ? ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಿ. ಬರುವ ತನಕ ಕಲಿತದ್ದನ್ನು ನೀವೇ ಕನ್ನಡದಲ್ಲಿ ಬರೆದು ಹಂಚಿ. ನಾನು ನೂರು ಚೀಟಿ ಅಚ್ಚು ಹಾಕಿ ಬಡಾವಣೆಯ ಅಂಗಡಿಗೆ ಕೊಟ್ಟಿದ್ದೇನೆ. ಅದರ ಮೊದಲ ಸಾಲು: ವಿಟ್ರಿಫೈಡ್ ಟೈಲ್ಸ್ ನೆನೆಸಬೇಡಿ!