ಕನ್ನಡ ಬರೆಯಲು ಕೀಲಿಮಣೆಯೇ ಬೇಕೇ?

ಕೆಲ ತಿಂಗಳ ಹಿಂದೆ ಊರಿಗೆ ಹೋಗಿ ಬಂದ ಹಿರಿಯ ಸದಸ್ಯೆಯೊಬ್ಬರು ನಮ್ಮ ಸಂಘದ ವಾಟ್ಸ್‌ಆ್ಯಪ್ ಬಳಗಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಸಂದೇಶ ಕಳುಹಿಸಿದ್ದರು. 'ಹಳ್ಳಿ ನೋಡಿ ಸಂತೋಷವಾಯಿತು' ಎಂಬುದು ಅವರ ಮಾತು. ಇಂಗ್ಲಿಷಿನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಕೆಲವರು ಅದನ್ನು 'ಹಲ್ಲಿ' ಎಂದು ಓದಿ ನಕ್ಕರು. ನಕ್ಕವರಲ್ಲಿ ನಾನೂ ಒಬ್ಬ. ಆಮೇಲೆ ನಾಚಿಕೆಯಾಯಿತು. ಮಹಿಳಾ ವಿಭಾಗದ ಸಭೆಯ ನಡಾವಳಿಯನ್ನು ವರ್ಷಗಟ್ಟಲೆ ದುಂಡಗಿನ ಕನ್ನಡದಲ್ಲಿ ಬರೆದ ಕೈ ಅದು.

ಇಂಥವರಿಗೆ ಕನ್ನಡ ಬಾರದೆಂದಲ್ಲ, ಕೀಲಿಮಣೆ ಬಾರದು. 'ಸ್ತ್ರೀ' ಎಂಬ ಒಂದಕ್ಷರಕ್ಕೆ ಸ, ತ, ರ, ನಡುವೆ ಎರಡು ಸಲ ಅರ್ಧಾಕ್ಷರದ ಕೀಲಿ, ಕೊನೆಗೆ ದೀರ್ಘ, ಹೀಗೆ ಆರು ಬಾರಿ ಒತ್ತಬೇಕು. 'ಸೂರ್ಯ' ಬರೆಯುವಾಗ ನಾವು ಯ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ; ಕೀಲಿಮಣೆಯಲ್ಲಿ ರ ಮೊದಲು. ಅರುವತ್ತು ವರ್ಷದ ಅಭ್ಯಾಸ ತಿರುಗಿಸುವುದು ಸುಲಭವೇ?

ಕೈಬರಹವನ್ನೇ ಓದಿ ಅಚ್ಚಕ್ಷರ ಮಾಡುವ ಸೌಲಭ್ಯವನ್ನು ಗೂಗಲ್ 2015ರಲ್ಲೇ ಕನ್ನಡಕ್ಕೂ ತಂದಿದೆ. ಈಗ ಆಂಡ್ರಾಯ್ಡ್ ಫೋನಿನ ಜಿಬೋರ್ಡ್‌ನಲ್ಲಿ ಕನ್ನಡ ಆರಿಸಿ 'ಕೈಬರಹ' ಎಂದರೆ ಸಾಕು, ಬೆರಳಲ್ಲೋ ಪೆನ್ನಿನಲ್ಲೋ ಬರೆಯಬಹುದು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಚೆಕ್ಕಿನ ಸಹಿ ತಾಳೆ ನೋಡಿದ ನನಗೆ ಮೊದಲು ನಂಬಿಕೆ ಇರಲಿಲ್ಲ. ಅವಸರದಲ್ಲಿ ನನ್ನ ಪ ಅದಕ್ಕೆ ಷ ಆಗುವುದುಂಟು. ಆದರೆ ಮೇಲೆ ತೋರಿಸುವ ಪದಗಳಲ್ಲಿ ಸರಿಯಾದುದನ್ನು ಮುಟ್ಟಿದರಾಯಿತು.

ಪೆನ್ನಿನಿಂದ ನಡೆಯುವ ಯಂತ್ರ ನಮ್ಮವರಿಗೆ ಹೊಸತೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಜತೆಗಿದ್ದುದು ಕಡ್ಡಿಯಂಥ ಪೆನ್ನು. ಹೆಚ್ಚು ಮಾರಾಟವಾಗದೆ ಅದು ಮರೆಯಾದದ್ದು ಬೇರೆ ಮಾತು.

ಮಕ್ಕಳ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ. ಇಂಗ್ಲಿಷಿನಲ್ಲಿ ಒತ್ತಿದರೆ ಯಂತ್ರವೇ 'ಅಮ್ಮ' ಎಂದು ಕನ್ನಡಕ್ಕೆ ತಿರುಗಿಸುತ್ತದೆ. ಮುಂಬಯಿಯಲ್ಲಿ ಹುಟ್ಟಿದ ಮಗುವಿಗೆ ಮತ್ತೆ ಅಕ್ಷರ ಕಲಿಯುವ ಅಗತ್ಯವೇನು? ಪೆನ್ನು ಹಿಡಿದರೆ ಅ ತಿದ್ದಲೇಬೇಕು, ಮಕ್ಕೆ ಒತ್ತು ಕೊಡಲೇಬೇಕು. 'ಸ್ಲೇಟು ಬಳಪ ಸಾಲದೇ?' ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ರವಿವಾರದ ತರಗತಿಗೆ ಸಾಕು ಸ್ವಾಮಿ. ಸೋಮವಾರದಿಂದ ಮಗುವಿನ ಕೈಯಲ್ಲಿರುವುದು ಫೋನು.

ಆದ್ದರಿಂದ ಸಂಘಗಳು ನಡೆಸುವ ಕನ್ನಡ ಟೈಪಿಂಗ್ ಶಿಬಿರದಲ್ಲಿ ಒಂದು ತಾಸು ಕೈಬರಹಕ್ಕೆ ಮೀಸಲಿಡಲಿ ಎಂದು ನನ್ನ ವಿನಂತಿ. ದುಬಾರಿ ಟ್ಯಾಬ್ಲೆಟ್ ಬೇಡ. ನಮ್ಮ ಮೈಯ ವಿದ್ಯುತ್ತನ್ನು ಪರದೆಗೆ ದಾಟಿಸುವ ಮೆತ್ತನೆ ತುದಿಯ ಸಾದಾ ಪೆನ್ನು ಯಾವ ಸ್ಮಾರ್ಟ್‌ಫೋನಿಗೂ ಆಗುತ್ತದೆ. ಅಷ್ಟನ್ನು ಸಂಘದ ನಿಧಿ ಭರಿಸಬಲ್ಲದು.

ಆ ಸದಸ್ಯೆಯ ಫೋನಿಗೆ ನಾನೇ ಕೈಬರಹ ಅಳವಡಿಸಿಕೊಟ್ಟೆ. ಮೊದಲು ಬರೆದದ್ದು 'ಹಳ್ಳಿ', ಳಕ್ಕೆ ಳ ಒತ್ತು ಸಮೇತ. ಈಗ ಅವರ ಸಂದೇಶ ಒಂದು ಪರದೆಯಲ್ಲಿ ಮುಗಿಯುವುದಿಲ್ಲ.